ಬೆಂಗಳೂರಿನ ಹಳೆ ಬಂಗಲೆಗಳು, ಬಡಾವಣೆ ಮನೆಗಳು ಮತ್ತು ಮರೆಯಾದ ಹೆಗ್ಗುರುತುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಸುಮಾರು 1890ರಿಂದ 1945ರವರೆಗೆ ಬೆಂಗಳೂರಿನಲ್ಲಿ ಕಟ್ಟಿದ ಮನೆಗಳ ಬಗ್ಗೆ ಜನ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಅಜ್ಜನ ಮನೆಯನ್ನು ಉಳಿಸಿಕೊಳ್ಳಬೇಕೆನ್ನುವವರು, ಮಾರುವ ಮುಂಚೆ ದಾಖಲಿಸಬೇಕೆನ್ನುವವರು, ಹಳೆಯ ಚಿತ್ರದಲ್ಲಿ ಕಾಣುವ ಜಾಗ ಈಗ ಎಲ್ಲಿದೆ ಎಂದು ಹುಡುಕುವವರು, ಎಲ್ಲರಿಗೂ ಉಪಯೋಗವಾಗಲಿ ಎಂದು ಬರೆದದ್ದು.

ನಮ್ಮ ಮನೆ ಎಷ್ಟು ಹಳೆಯದು? ಕಾಗದಪತ್ರ ಇಲ್ಲದೆ ಹೇಳಲು ಆಗುತ್ತದೆಯೇ?

ಹತ್ತು ವರ್ಷ ಹಿಂದೆಮುಂದೆ ಆಗುವಂತೆ ಹೇಳಬಹುದು. ಮೊದಲು ಬಡಾವಣೆ ನೋಡಿ. ಯೋಜನೆ ಹಾಕಿ ಮಾಡಿದ ಮೊದಲ ಬಡಾವಣೆ ಚಾಮರಾಜಪೇಟೆ, 1892ರದ್ದು. ಬಸವನಗುಡಿ ಮತ್ತು ಮಲ್ಲೇಶ್ವರ 1898ರ ಪ್ಲೇಗಿನ ನಂತರ ತುಂಬಿಕೊಂಡವು. ಪೇಟೆಯ ಇಕ್ಕಟ್ಟಿನಿಂದ ಹೊರಬಂದವರಿಗೆ ಗಾಳಿ ಬೆಳಕಿರುವ ನಿವೇಶನ ಕೊಡುವುದು ಆಗಿನ ತುರ್ತು. ದಂಡಿನ (ಬ್ರಿಟಿಷ್ ಕಂಟೋನ್ಮೆಂಟಿನ) ಕಡೆಯ ಫ್ರೇಜರ್ ಟೌನ್ 1910ರ ಹೊತ್ತಿನದು. ಬಡಾವಣೆ ಹುಟ್ಟುವ ಮುಂಚೆ ಮನೆ ಹುಟ್ಟಿರಲಾರದು, ಅಲ್ಲಿ ಮೊದಲೇ ಹಳ್ಳಿಯೋ ತೋಟದ ಮನೆಯೋ ಇದ್ದಿದ್ದರೆ ಬೇರೆ ಮಾತು.

ಆಮೇಲೆ ಚಾವಣಿ ನೋಡಿ. ತೇಗದ ಜಂತೆಗಳ ಮೇಲೆ ಚಿಕ್ಕ ಇಟ್ಟಿಗೆ ಕೂರಿಸಿದ ಮದ್ರಾಸ್ ಟೆರೇಸ್ ಇದ್ದರೆ ಹೆಚ್ಚಾಗಿ 1935ಕ್ಕೆ ಹಿಂದಿನದು. ಕಬ್ಬಿಣದ ತೊಲೆಗಳ ನಡುವೆ ಕಮಾನಿನಂತೆ ಇಟ್ಟಿಗೆ ಕಟ್ಟಿದ್ದರೆ ತೊಲೆಯ ಪಕ್ಕದಲ್ಲಿ ಅಚ್ಚಾದ ಹೆಸರು ಓದಿ. ಡಾರ್ಮನ್ ಲಾಂಗ್ ಎಂದಿದ್ದರೆ ಇಂಗ್ಲೆಂಡಿನಿಂದ ಬಂದದ್ದು. ಟಾಟಾ ಎಂದಿದ್ದರೆ 1912ರ ನಂತರದ್ದೇ ಆಗಬೇಕು, ಜಮ್ಶೆಡ್‌ಪುರದಲ್ಲಿ ಉಕ್ಕು ತಯಾರಾಗಲು ಶುರುವಾದದ್ದು ಆ ವರ್ಷ. ತೆಳ್ಳನೆಯ ಸಿಮೆಂಟ್ ಸಜ್ಜೆ, ದುಂಡಗಿನ ಮೂಲೆ, ಮುಂಭಾಗದಲ್ಲಿ ಮೂರು ಅಡ್ಡಗೆರೆ, ಹಡಗಿನ ಕಿಟಕಿಯಂಥ ಗುಂಡು ಕಿಂಡಿ ಕಂಡರೆ ಅದು 1930ರ ಕೊನೆಯ ಅಥವಾ 1940ರ ದಶಕದ ಆರ್ಟ್ ಡೆಕೊ ಶೈಲಿ.

ಮೂರನೆಯದು ವಿದ್ಯುತ್. ಶಿವನಸಮುದ್ರದಿಂದ ಬೆಂಗಳೂರಿಗೆ ಕರೆಂಟು ಬಂದದ್ದು 1905ರಲ್ಲಿ. ಗೋಡೆಯ ಮೇಲೆ ಮರದ ಪಟ್ಟಿಯೊಳಗೆ ತಂತಿ ಓಡಿಸಿ ಮೇಲೊಂದು ಮರದ ಮುಚ್ಚಳ ಹೊಡೆದಿದ್ದರೆ ಹಳೆಯ ಕಾಲದ ಜೋಡಣೆ. ಆದರೆ ಮನೆ ಕಟ್ಟಿ ಇಪ್ಪತ್ತು ವರ್ಷದ ಮೇಲೆ ಕರೆಂಟು ಹಾಕಿಸಿಕೊಂಡವರೂ ಉಂಟು. ತಂತಿಯ ಕಾಲವನ್ನೇ ಗೋಡೆಯ ಕಾಲ ಎನ್ನಬೇಡಿ.

ಮನೆಯ ಎಲ್ಲ ಭಾಗ ಒಂದೇ ಕಾಲದ್ದು ಎಂದುಕೊಳ್ಳುವುದು ಇನ್ನೊಂದು ತಪ್ಪು. ಮುಂದಿನ ಪಡಸಾಲೆ 1910ರದ್ದು, ಹಿಂದಿನ ಅಡುಗೆಮನೆ 1938ರದ್ದು, ಮಹಡಿ 1955ರದ್ದು ಆಗಿರುವುದೇ ಹೆಚ್ಚು. ಗೋಡೆಯ ದಪ್ಪವನ್ನು ಕೋಣೆಯಿಂದ ಕೋಣೆಗೆ ಅಳೆಯಿರಿ. 18 ಇಂಚು ಇದ್ದದ್ದು ಇದ್ದಕ್ಕಿದ್ದಂತೆ 9 ಇಂಚಾದರೆ ಅಲ್ಲಿಂದ ಮುಂದೆ ಬೇರೆ ಕಾಲದ ಕೆಲಸ.

ಹೆಂಚಿನ ಮೇಲೆ 1865 ಎಂದು ಅಚ್ಚಾಗಿದೆ. ಹಾಗಾದರೆ ಮನೆ 1865ರದ್ದೇ?

ಅಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಹೆಂಚಿನ ಕಾರ್ಖಾನೆ ಶುರುವಾದ ವರ್ಷ ಅದು. ಬಾಟಲಿಯ ಮೇಲೆ ಕಂಪನಿಯ ಸ್ಥಾಪನೆಯ ವರ್ಷ ಹಾಕುವುದಿಲ್ಲವೇ, ಹಾಗೆ. ಹೆಂಚಿನ ಮೇಲಿನ ಕಂಪನಿಯ ಹೆಸರು ಇದಕ್ಕಿಂತ ಹೆಚ್ಚು ಹೇಳುತ್ತದೆ. ಮೊದಲ ಮಹಾಯುದ್ಧದಲ್ಲಿ ಮಿಶನ್ನಿನ ಉದ್ಯಮಗಳನ್ನು ಬ್ರಿಟಿಷ್ ಸರ್ಕಾರ ವಶಕ್ಕೆ ತೆಗೆದುಕೊಂಡು ನಂತರ ಕಾಮನ್‌ವೆಲ್ತ್ ಟ್ರಸ್ಟ್‌ಗೆ ವಹಿಸಿತು. ಕಾಮನ್‌ವೆಲ್ತ್ ಹೆಸರಿನ ಹೆಂಚು ಆ ಯುದ್ಧದ ನಂತರದ್ದು. ಆದರೂ ಒಂದೆರಡು ಹೆಂಚು ನೋಡಿ ತೀರ್ಮಾನಿಸಬೇಡಿ. ಒಡೆದದ್ದನ್ನು ಬದಲಿಸುತ್ತಾ ಬಂದಿರುತ್ತಾರೆ. ಇಪ್ಪತ್ತು ಮೂವತ್ತು ಹೆಂಚು ಇಳಿಸಿ, ಯಾವ ಅಚ್ಚು ಹೆಚ್ಚಿದೆ ನೋಡಿ.

ಮಂಕಿ ಟಾಪ್ ಎಂದರೆ ಏನು? ಅದನ್ನು ದುರಸ್ತಿ ಮಾಡುವುದು ಹೇಗೆ?

ಮುಂಬಾಗಿಲ ಪೋರ್ಟಿಕೋ ಮೇಲೆ, ಇಲ್ಲವೇ ಕಿಟಕಿಯ ಮೇಲೆ, ಮುಂದಕ್ಕೆ ಚಾಚಿಕೊಂಡ ಚೂಪು ಮುಸುಕು. ತ್ರಿಕೋನಾಕಾರದ ಹೆಂಚಿನ ಮಾಡಿನ ಕೆಳಗೆ ಮರದ ಸಣ್ಣ ದಬ್ಬೆಗಳನ್ನು ಸಾಲಾಗಿ ಅಥವಾ ಜಾಲರಿಯಾಗಿ ಹೊಡೆದಿರುತ್ತಾರೆ. ಅಂಚಿನಲ್ಲಿ ಕೊರೆದ ಹಲಗೆ, ನೆತ್ತಿಯ ಮೇಲೆ ಮರದ ಮೊನೆ. ಬಿಸಿಲು ಮಳೆ ತಡೆದು ಗಾಳಿ ಬಿಡುವುದು ಇದರ ಕೆಲಸ. ಬೆಂಗಳೂರಿನ ಬಂಗಲೆಗಳಿಗೆ ಇದೇ ಗುರುತು. ದಂಡಿನಲ್ಲಿ ಶುರುವಾದದ್ದು ಬಸವನಗುಡಿ, ಮಲ್ಲೇಶ್ವರದ ನಡುವರ್ಗದ ಮನೆಗಳಿಗೂ ಬಂತು.

ಮೊದಲು ಕೆಡುವುದು ದಬ್ಬೆಗಳ ಮೇಲ್ತುದಿ. ಕತ್ತರಿಸಿದ ತುದಿ ನೀರು ಹೀರುತ್ತದೆ, ಮೇಲಿನ ಹೆಂಚು ಒಂದು ಸರಿದಿದ್ದರೆ ಅಲ್ಲಿಂದಲೇ ಹನಿ ಬೀಳುತ್ತದೆ. ಎರಡನೆಯದು ಕಬ್ಬಿಣದ ಮೊಳೆ: ತುಕ್ಕು ಉಬ್ಬಿ ಮರವನ್ನು ಸೀಳುತ್ತದೆ. ಹಾಗಾಗಿ ಕೆಲಸ ಮೇಲಿನಿಂದ ಶುರುವಾಗಬೇಕು, ಮೊದಲು ಹೆಂಚು, ಆಮೇಲೆ ಮರ.

ಬಿಚ್ಚುವ ಮುಂಚೆ ಅಂಚಿನ ಹಲಗೆಯ ಮೇಲೆ ದೊಡ್ಡ ಹಾಳೆ ಒತ್ತಿ ಪೆನ್ಸಿಲಿನಲ್ಲಿ ಉಜ್ಜಿ ನಕ್ಷೆ ತೆಗೆದುಕೊಳ್ಳಿ. ಪ್ರತಿ ದಬ್ಬೆಯ ಹಿಂದೆ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆಯಿರಿ. ದಬ್ಬೆಗಳು ಒಂದೇ ಅಳತೆಯವು ಎಂದು ಕಂಡರೂ ಮಾಡಿನ ಇಳಿಜಾರಿಗೆ ತಕ್ಕಂತೆ ಒಂದೊಂದೂ ಬೇರೆ ಉದ್ದ ಇರುತ್ತದೆ. ಪೂರ್ತಿ ಕೊಳೆತದ್ದನ್ನು ಮಾತ್ರ ಬದಲಿಸಿ, ತುದಿ ಮಾತ್ರ ಕೊಳೆತಿದ್ದರೆ ಓರೆಯಾಗಿ ಕತ್ತರಿಸಿ ಹೊಸ ತುಂಡು ಬೆಸೆಯಬಹುದು. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ತಿರುಪು ಬಳಸಿ. ಬಣ್ಣ ಹಚ್ಚುವ ಮುಂಚೆ ಕತ್ತರಿಸಿದ ತುದಿಗಳಿಗೆ ಅಗಸೆ ಎಣ್ಣೆ ಎರಡು ಸಲ ಕುಡಿಸಿ. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಕಬ್ಬಿಣದ ಪಟ್ಟಿಯಲ್ಲಿ ಇದರ ನಕಲು ಮಾಡಿಕೊಡುತ್ತಾರೆ. ಬೇಡ. ಕಬ್ಬಿಣದ ನಕಲಿಗಿಂತ ಅರ್ಧ ಮುರಿದ ಮರದ್ದು ಚೆಂದ.

ಮದ್ರಾಸ್ ಟೆರೇಸ್ ಸೋರುತ್ತಿದೆ. ಒಡೆದು ಆರ್‌ಸಿಸಿ ಹಾಕಿಸಬೇಕೆಂದು ಮೇಸ್ತ್ರಿ ಹೇಳುತ್ತಾನೆ. ಏನು ಮಾಡಲಿ?

ಒಡೆಯುವ ಮುಂಚೆ ಅದು ಹೇಗೆ ಕಟ್ಟಿದ್ದು ಎಂದು ತಿಳಿದುಕೊಳ್ಳಿ. ಗೋಡೆಯಿಂದ ಗೋಡೆಗೆ ತೇಗದ ಜಂತೆ. ಅದರ ಮೇಲೆ 15 × 7.5 × 2.5 ಸೆಂ.ಮೀ. ಅಳತೆಯ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಜಂತೆಗೆ 45 ಡಿಗ್ರಿ ಓರೆಯಾಗಿ, ಸುಣ್ಣದ ಗಾರೆಯಲ್ಲಿ ಜೋಡಿಸುತ್ತಾ ಬರುತ್ತಾರೆ. ಕೆಳಗೆ ಹಲಗೆಯ ಆಸರೆ ಬೇಕಿಲ್ಲ, ಒಂದರ ಬಲದಲ್ಲಿ ಇನ್ನೊಂದು ನಿಲ್ಲುತ್ತದೆ. ಇದು ಗಟ್ಟಿಯಾದ ಮೇಲೆ ಇಟ್ಟಿಗೆ ಜಲ್ಲಿಯ ಪದರ, ಸುಮಾರು 7.5 ಸೆಂ.ಮೀ.: ಮೂರು ಭಾಗ ಇಟ್ಟಿಗೆ ಚೂರು, ಒಂದು ಭಾಗ ಗರಸು ಮರಳು, ಇವೆರಡೂ ಸೇರಿದ್ದರ ಅರ್ಧದಷ್ಟು ಸುಣ್ಣದ ಗಾರೆ. ಮರದ ಕೊಡತಿಯಿಂದ ದಿನಗಟ್ಟಲೆ ಬಡಿದು, ಮೇಲೆ ಬೆಲ್ಲ ಮತ್ತು ಅಣಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಿದ್ದರು. ಕೊನೆಗೆ ಚಪ್ಪಟೆ ಹೆಂಚು ಎರಡು ಪದರ, ಇಲ್ಲವೇ ನಯವಾದ ಸುಣ್ಣದ ಗಿಲಾವು.

ಸೋರುವ ಕಾರಣ ಹೆಚ್ಚಾಗಿ ಇವುಗಳಲ್ಲಿ ಒಂದು. ನೀರು ಹೋಗುವ ದೋಣಿ ಕಟ್ಟಿಕೊಂಡಿದೆ. ಮೇಲಿನ ಹೆಂಚಿನ ಸಂದು ಬಿಟ್ಟಿದೆ. ಕೈಪಿಡಿ ಗೋಡೆ ಮತ್ತು ತಾರಸಿ ಸೇರುವ ಮೂಲೆ ಬಿರುಕು ಬಿಟ್ಟಿದೆ. ಅರಳಿ ಸಸಿ ಬೇರು ಬಿಟ್ಟಿದೆ. ನಾಲ್ಕಕ್ಕೂ ತಾರಸಿ ಒಡೆಯುವ ಅಗತ್ಯವಿಲ್ಲ. ಸಡಿಲ ಹೆಂಚು ಎತ್ತಿ, ಕೆಳಗಿನ ಮಣ್ಣು ತೆಗೆದು, ಸುಣ್ಣ ಸುರ್ಕಿ (ಬೆಂದ ಇಟ್ಟಿಗೆಯ ಪುಡಿ) ಗಾರೆಯಲ್ಲಿ ಮತ್ತೆ ಕೂರಿಸಿ. ಮೂಲೆಗೆ ಅದೇ ಗಾರೆಯಲ್ಲಿ ಇಳಿಜಾರು ಪಟ್ಟಿ ಕಟ್ಟಿ. ಅರಳಿ ಸಸಿಯನ್ನು ಕಿತ್ತರೆ ಗಾರೆಯೂ ಜೊತೆಗೇ ಬರುತ್ತದೆ. ಬುಡ ಕತ್ತರಿಸಿ, ಕಾಂಡಕ್ಕೆ ಕಳೆನಾಶಕ ಹಚ್ಚಿ, ಬೇರು ಸತ್ತು ಒಣಗಿದ ಮೇಲೆ ತೂತಿಗೆ ಸುಣ್ಣದ ಗಾರೆ ತುಂಬಿ.

ನಿಜವಾದ ಅಪಾಯ ಬೇರೆ. ಸೋರಿದಾಗಲೆಲ್ಲ ಒಂದೊಂದು ಪದರ ಸಿಮೆಂಟ್ ಹಾಕುತ್ತಾ ಬಂದಿರುತ್ತಾರೆ. ಒಂದು ಇಂಚು ಸಿಮೆಂಟ್ ಪದರ ಎಂದರೆ ಚದರ ಮೀಟರಿಗೆ 50 ಕೆ.ಜಿ.ಗೂ ಮೇಲೆ. ಮೂರು ಸಲ ಹಾಕಿದರೆ ಜಂತೆಯ ಮೇಲೆ 150 ಕೆ.ಜಿ. ಹೆಚ್ಚಾಯಿತು, ಅಷ್ಟರಲ್ಲಿ ಜಂತೆಯ ತುದಿ ಗೋಡೆಯೊಳಗೆ ಕೊಳೆಯಲು ಶುರುವಾಗಿರುತ್ತದೆ. ಜಂತೆ ಗೋಡೆ ಸೇರುವ ಕಡೆ ಒಂದು ದಬ್ಬಣದಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಆ ತುದಿ ಸತ್ತಿದೆ. ಆ ಕೋಣೆಗೆ ಮೊದಲು ಆಸರೆ ಕೊಡಿ, ಮೇಲಿನ ಸಿಮೆಂಟನ್ನು ಕೈ ಉಳಿಯಿಂದ ತೆಗೆಸಿ (ಬ್ರೇಕರ್ ಯಂತ್ರದ ಅದುರಿಗೆ ಕೆಳಗಿನ ಇಟ್ಟಿಗೆ ಉದುರುತ್ತದೆ), ಆಮೇಲೆ ಒಂದೊಂದೇ ಜಂತೆ ಬದಲಿಸಿ ಅಥವಾ ಎರಡೂ ಪಕ್ಕಕ್ಕೆ ಉಕ್ಕಿನ ಚಾನೆಲ್ ಬೋಲ್ಟ್ ಮಾಡಿಸಿ. ಇದನ್ನು ಸ್ಟ್ರಕ್ಚರಲ್ ಎಂಜಿನಿಯರ್ ನೋಡದೆ ಮಾಡಬೇಡಿ. ಸುಣ್ಣದ ಕಟ್ಟಡ ನೋಡಿರುವ ಎಂಜಿನಿಯರ್ ಸಿಗುವವರೆಗೆ ಕಾಯಿರಿ. ಕಾಂಕ್ರೀಟು ಮಾತ್ರ ಬಲ್ಲವರು ಮೊದಲ ದಿನವೇ ಒಡೆಯಲು ಹೇಳುತ್ತಾರೆ.

ಗೋಡೆಯ ಬುಡದಲ್ಲಿ ಗಿಲಾವು ಉಬ್ಬಿ ಉದುರುತ್ತದೆ. ಸಿಮೆಂಟ್ ಹಚ್ಚಿದರೂ ಎರಡೇ ವರ್ಷ.

ಸಿಮೆಂಟ್ ಹಚ್ಚಿದ್ದರಿಂದಲೇ ಎರಡು ವರ್ಷ. ಈ ಗೋಡೆಗಳಿಗೆ ತೇವ ತಡೆಯುವ ಪದರ ಇಲ್ಲ. ನೆಲದ ನೀರು ಇಟ್ಟಿಗೆಯಲ್ಲಿ ಏರುತ್ತದೆ, ಸುಣ್ಣದ ಗಿಲಾವಿನ ಮೂಲಕ ಆವಿಯಾಗಿ ಹೋಗುತ್ತದೆ. ಸಿಮೆಂಟ್ ಹಚ್ಚಿದರೆ ಆವಿಗೆ ದಾರಿಯಿಲ್ಲ. ನೀರು ಇನ್ನೂ ಮೇಲಕ್ಕೇರುತ್ತದೆ, ಜೊತೆಗೆ ಬಂದ ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ ಅದನ್ನು ತಳ್ಳುತ್ತದೆ. ಪ್ಲಾಸ್ಟಿಕ್ ಎಮಲ್ಷನ್ ಬಣ್ಣವೂ ಇದೇ ಕೆಲಸ ಮಾಡುತ್ತದೆ.

ಮೊದಲು ಹೊರಗೆ ಹೋಗಿ ರಸ್ತೆ ನೋಡಿ. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಎಷ್ಟೋ ಬೀದಿಗಳಲ್ಲಿ ರಸ್ತೆ ಮನೆಯ ಪಾಯಕ್ಕಿಂತ ಮೇಲೆ ಬಂದಿದೆ. ಕಾಂಪೌಂಡಿನೊಳಗೆ ಗೋಡೆಗೆ ಅಂಟಿಸಿ ಸಿಮೆಂಟ್ ನೆಲ ಅಥವಾ ಟೈಲ್ಸ್ ಹಾಕಿದ್ದರೆ ಮಳೆನೀರು ಬುಡಕ್ಕೇ ಇಳಿಯುತ್ತದೆ. ಗೋಡೆಯ ಉದ್ದಕ್ಕೂ ಒಂದಡಿ ಅಗಲ, ಒಂದಡಿ ಆಳ ಅಗೆದು, ಜಲ್ಲಿ ತುಂಬಿ, ಇಳಿಜಾರು ಕೊಟ್ಟು ನೀರನ್ನು ಆಚೆಗೆ ಕಳಿಸಿ. ಪಾಯ ಆಳವಿಲ್ಲದಿದ್ದರೆ ಅಷ್ಟು ಅಗೆಯಬೇಡಿ, ಮೊದಲು ಒಂದು ಕಡೆ ಪರೀಕ್ಷೆಗೆ ಅಗೆದು ನೋಡಿ. ಬಚ್ಚಲಿನ ಹಳೆ ಮಣ್ಣಿನ ಕೊಳವೆ ಒಡೆದಿದೆಯೇ ಎಂದೂ ನೋಡಿ. ಒಂದು ಗೋಡೆ ಮಾತ್ರ ಒದ್ದೆ ಎಂದರೆ ಅನುಮಾನ ಅದರ ಮೇಲೆಯೇ.

ನೀರು ತಪ್ಪಿಸಿದ ಮೇಲೆ ಒದ್ದೆಯ ಗೆರೆಗಿಂತ ಒಂದಡಿ ಮೇಲಿನವರೆಗೆ ಸಿಮೆಂಟ್ ಕಿತ್ತು, ಸಂದುಗಳನ್ನು ಅರ್ಧ ಇಂಚು ಕೆರೆದು, ಒಂದು ಬೇಸಿಗೆ ಪೂರ್ತಿ ಒಣಗಲು ಬಿಡಿ. ಬಿಳಿ ಉಪ್ಪನ್ನು ಒಣ ಬ್ರಷ್ಷಿನಿಂದ ಗುಡಿಸಿ ಆಚೆ ಎಸೆಯಿರಿ. ತೊಳೆದರೆ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ.

ಸುಣ್ಣದ ಗಾರೆ ಕಲಸುವ ಲೆಕ್ಕ ಏನು?

ಗಿಲಾವಿಗೆ ಒಂದು ಭಾಗ ಸುಣ್ಣದ ಮುದ್ದೆ, ಮೂರು ಭಾಗ ಜರಡಿ ಹಿಡಿದ ಮರಳು. ಒದ್ದೆ ಜಾಗಕ್ಕೆ, ತಾರಸಿಗೆ ಒಂದು ಸುಣ್ಣ, ಒಂದು ಸುರ್ಕಿ, ಎರಡು ಮರಳು. ಸುರ್ಕಿ ಎಂದರೆ ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿ. ಅದು ಸುಣ್ಣ ನೀರಿನಲ್ಲೂ ಗಟ್ಟಿಯಾಗುವಂತೆ ಮಾಡುತ್ತದೆ. ಬೇಯದ ಇಟ್ಟಿಗೆಯ ಪುಡಿ ಬರೀ ಮಣ್ಣು, ಪ್ರಯೋಜನವಿಲ್ಲ.

ಸುಟ್ಟ ಸುಣ್ಣವನ್ನು ನೀರಿಗೆ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ. ಅರಳಿದ ಸುಣ್ಣವನ್ನು ಸೋಸಿ, ಮೇಲೆ ನೀರು ನಿಲ್ಲುವಂತೆ ಕನಿಷ್ಠ ಎರಡು ವಾರ ಇಡಿ, ತಿಂಗಳುಗಟ್ಟಲೆ ಇಟ್ಟಷ್ಟೂ ಒಳ್ಳೆಯದು. ಅರಳದೆ ಉಳಿದ ಕಾಳು ಗಿಲಾವಿನೊಳಗೆ ಸೇರಿದರೆ ತಿಂಗಳ ಮೇಲೆ ಅರಳಿ ಗೋಡೆಯ ತುಂಬ ಗುಳಿ ಬೀಳಿಸುತ್ತದೆ. ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಸುಣ್ಣದ ಪುಡಿ ಗಾಳಿಗೆ ಹಳಸಿದ್ದರೆ ಬರೀ ಸೀಮೆಸುಣ್ಣ.

ಹಿಂದೆ ಎತ್ತು ಕಟ್ಟಿದ ಕಲ್ಲಿನ ಗಾಣದಲ್ಲಿ ಗಾರೆ ಅರೆಯುತ್ತಿದ್ದರು. ಈಗ ಪ್ಯಾನ್ ಮಿಕ್ಸರ್ ಸಾಕು, ಆದರೆ ಸಿಮೆಂಟಿನಂತೆ ಐದು ನಿಮಿಷಕ್ಕೆ ನಿಲ್ಲಿಸಬೇಡಿ. ಅರೆದಷ್ಟೂ ನೀರು ಕಡಿಮೆ ಸಾಕಾಗುತ್ತದೆ, ನೀರು ಕಡಿಮೆಯಾದಷ್ಟೂ ಬಿರುಕು ಕಡಿಮೆ. ಒಂದು ಪದರ ಅರ್ಧ ಇಂಚಿಗಿಂತ ದಪ್ಪ ಬೇಡ, ಎರಡು ಪದರದ ನಡುವೆ ಒಂದು ವಾರ ಬಿಡಿ, ಬಿಸಿಲು ಬೀಳುವ ಕಡೆ ಒದ್ದೆ ಗೋಣಿ ತೂಗು ಹಾಕಿ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು. ಡಿಸೆಂಬರಿನಿಂದ ಮಾರ್ಚ್ ಈ ಕೆಲಸಕ್ಕೆ ಒಳ್ಳೆಯ ಕಾಲ.

ಬೇಗ ಗಟ್ಟಿಯಾಗಲಿ ಎಂದು ಸ್ವಲ್ಪ ಸಿಮೆಂಟ್ ಸೇರಿಸಬಹುದೇ?

ಬೇಡ. ಹಾಗೆ ಸೇರಿಸಿದ ಗಾರೆಗೆ ಸಿಮೆಂಟಿನ ಬಲವೂ ಇಲ್ಲ, ಸುಣ್ಣದ ಬಾಗುವ ಗುಣವೂ ಇಲ್ಲ.

ಕೆಂಪು ರೆಡ್ ಆಕ್ಸೈಡ್ ನೆಲ ಮಂಕಾಗಿದೆ, ಬಿರುಕು ಬಿಟ್ಟಿದೆ. ಮೇಲೆ ಟೈಲ್ಸ್ ಹಾಕಿಸಲೇ?

ಮಂಕಾದ ನೆಲ ಸತ್ತ ನೆಲವಲ್ಲ. ಅದರ ಮೇಲೆ ಎಷ್ಟೋ ವರ್ಷದ ಮೇಣ, ಫಿನಾಯಿಲ್, ಸೋಪಿನ ಪದರ ಕೂತಿರುತ್ತದೆ. ಬೆಚ್ಚನೆಯ ನೀರಿಗೆ ಸೋಪಿನ ಕಾಯಿ ನೊರೆ ಅಥವಾ ಮೆದು ಸೋಪು ಹಾಕಿ ತೆಂಗಿನ ನಾರಿನಿಂದ ಉಜ್ಜಿ, ಒಣಗಿಸಿ, ತೆಳ್ಳಗೆ ಮೇಣ ಸವರಿ ಬಟ್ಟೆಯಲ್ಲಿ ಉಜ್ಜಿ. ಮೂರ್ನಾಲ್ಕು ಸಲದಲ್ಲಿ ಹೊಳಪು ಮರಳುತ್ತದೆ. ಆ್ಯಸಿಡ್ ಮಾತ್ರ ಸುರಿಯಬೇಡಿ. ಮೇಲಿನ ಬಣ್ಣದ ಪದರ ಬರೀ ಮೂರರಿಂದ ಐದು ಮಿಲಿಮೀಟರ್, ಆ್ಯಸಿಡ್ ಅದನ್ನೇ ತಿನ್ನುತ್ತದೆ.

ಕೂದಲೆಳೆಯ ಬಿರುಕಿಗೆ ಏನೂ ಮಾಡಬೇಡಿ. ಅಗಲ ಬಿರುಕಿಗೆ ಬಣ್ಣ ಬೆರೆಸಿದ ಜೇನುಮೇಣ ಕರಗಿಸಿ ತುಂಬಬಹುದು. ಒಂದು ಕಡೆ ಕಿತ್ತುಹೋಗಿದ್ದರೆ ತೇಪೆ ಬಣ್ಣಕ್ಕೆ ಹೊಂದುವುದಿಲ್ಲ ಎಂದು ಮೊದಲೇ ಒಪ್ಪಿಕೊಳ್ಳಿ. ಅದಕ್ಕೆ ಹೊಸಿಲಿನಿಂದ ಹೊಸಿಲಿಗೆ ಇಡೀ ಕೋಣೆ ಮಾಡಿಸುವುದೇ ಮೇಲು. ಹೊಸದಾಗಿ ಮಾಡಿಸುವಾಗ ಬಣ್ಣದ ಪುಡಿ ಸಿಮೆಂಟಿನ ತೂಕದಲ್ಲಿ ನೂರಕ್ಕೆ ಹತ್ತು ಮೀರಬಾರದು, ಮೀರಿದರೆ ನೆಲ ಪುಡಿಪುಡಿಯಾಗಿ ಕಾಲಿಗೆ ಅಂಟುತ್ತದೆ. ಇಡೀ ಕೋಣೆಗೆ ಬೇಕಾದಷ್ಟು ಪುಡಿ ಮತ್ತು ಸಿಮೆಂಟನ್ನು ಒಣಗಿರುವಾಗಲೇ ಒಟ್ಟಿಗೆ ಜರಡಿ ಹಿಡಿದು ಇಟ್ಟುಕೊಳ್ಳಿ. ಅರ್ಧ ನೆಲಕ್ಕೆ ಒಂದು ಮಿಶ್ರಣ, ಇನ್ನರ್ಧಕ್ಕೆ ಇನ್ನೊಂದು ಎಂದರೆ ಎರಡು ಬಣ್ಣ ಖಂಡಿತ. ಕೆಳಗಿನ ಪದರ ಇನ್ನೂ ಹಸಿಯಾಗಿರುವಾಗಲೇ ಮೇಲಿನದನ್ನು ಹಾಕಿ ಕರಣೆಯಲ್ಲಿ ತಿಕ್ಕಬೇಕು. ಒಣಗಿದ ಮೇಲೆ ಹಾಕಿದರೆ ಚಕ್ಕೆಯಾಗಿ ಏಳುತ್ತದೆ. ಏಳು ದಿನ ನೆಲದ ಮೇಲೆ ನೀರು ನಿಂತಿರುವಂತೆ ಬಿಡಿ, ಆ ಕೋಣೆಗೆ ಯಾರೂ ಕಾಲಿಡದಂತೆ ನೋಡಿಕೊಳ್ಳಿ.

ಬಾಗಿಲು ಕಿಟಕಿಗೆ ಗೆದ್ದಲು ಹತ್ತಿದೆ.

ಹಳೆ ತೇಗಕ್ಕೆ ಗೆದ್ದಲು ಸುಲಭಕ್ಕೆ ಹತ್ತುವುದಿಲ್ಲ. ಹತ್ತಿದ್ದರೆ ಅಲ್ಲಿ ಒದ್ದೆ ಇದೆ, ಅಥವಾ ಆ ತುಂಡು ಬೇರೆ ಮರದ್ದು. ಗೋಡೆ ನೆಲ ಸೇರುವ ಕಡೆ 12 ಮಿಲಿಮೀಟರ್ ತೂತನ್ನು 30 ಸೆಂ.ಮೀ.ಗೊಂದರಂತೆ ಕೊರೆದು ಔಷಧಿ ಬಿಡುವುದು ಸಾಮಾನ್ಯ ಕ್ರಮ. ಕೆಂಪು ನೆಲವನ್ನು ಕೊರೆಯಲು ಬಿಡಬೇಡಿ, ಹೊರಗಡೆಯಿಂದ ಗೋಡೆಯ ಬುಡಕ್ಕೆ ಓರೆಯಾಗಿ ಕೊರೆಯಿಸಿ. ಬಾವಿ ಇರುವ ಮನೆಯಲ್ಲಿ ಔಷಧಿ ಬಾವಿಗೆ ಇಳಿಯದಂತೆ ದೂರ ಬಿಡಿ.

ಮಲ್ಲೇಶ್ವರ, ಬಸವನಗುಡಿಯ ಮನೆಗಳ ಹಿಂದೆ ಕಿರಿದಾದ ಗಲ್ಲಿ ಇದೆಯಲ್ಲ, ಅದು ಯಾತಕ್ಕೆ?

ಕನ್ಸರ್ವೆನ್ಸಿ ಗಲ್ಲಿ. ಒಳಚರಂಡಿ ಬರುವ ಮುಂಚೆ ಹಿತ್ತಿಲಿನ ಕೊನೆಯಲ್ಲಿ ಕಕ್ಕಸು ಇತ್ತು, ಅದನ್ನು ಬಳಿಯಲು ಬರುವವರು ಮುಂಬಾಗಿಲ ಬೀದಿಯಲ್ಲಿ ಕಾಣಬಾರದೆಂದು ಹಿಂದೆ ದಾರಿ ಬಿಟ್ಟಿದ್ದರು. ಆ ಕೆಲಸವನ್ನು ಜಾತಿಯ ಹೆಸರಿನಲ್ಲಿ ಯಾರ ತಲೆಗೆ ಕಟ್ಟಿದ್ದರು ಎನ್ನುವುದು ಗೊತ್ತಿರುವ ಮಾತೇ. ಹಳೆಯ ಬಡಾವಣೆಯ ಸೊಬಗನ್ನು ಹೊಗಳುವವರು ನಕ್ಷೆಯ ಈ ಗೆರೆಯನ್ನೂ ಓದಬೇಕು. ಈಗ ಹಲವು ಗಲ್ಲಿಗಳನ್ನು ಅಕ್ಕಪಕ್ಕದವರು ಒಳಗೆ ಹಾಕಿಕೊಂಡಿದ್ದಾರೆ. ನಿಮ್ಮ ಕ್ರಯಪತ್ರದಲ್ಲಿ ಹಿಂದಿನ ಚಕ್ಕುಬಂದಿ ಗಲ್ಲಿ ಎಂದಿದ್ದರೆ ಅದು ಪಾಲಿಕೆಯ ಜಾಗ.

ವಠಾರಗಳೂ ಈ ಲೆಕ್ಕಕ್ಕೆ ಸೇರುತ್ತವೆಯೇ?

ಖಂಡಿತ ಸೇರಬೇಕು. ಒಂದೇ ಬಾಗಿಲು, ನಡುವೆ ಅಂಗಳ, ಒಂದು ನಲ್ಲಿ ಅಥವಾ ಬಾವಿ, ಎರಡೂ ಕಡೆ ಒಂದೂವರೆ ಕೋಣೆಯ ಮನೆಗಳ ಸಾಲು. ನಗರಕ್ಕೆ ಬಂದ ಗುಮಾಸ್ತ, ಮೇಷ್ಟ್ರು, ಪುರೋಹಿತ, ವಿದ್ಯಾರ್ಥಿ ಎಲ್ಲ ಬಾಡಿಗೆಗಿದ್ದದ್ದು ಇಲ್ಲೇ. ಬಂಗಲೆಯ ಚಿತ್ರ ತೆಗೆಯುವವರು ನೂರು ಜನ, ವಠಾರದ ಚಿತ್ರ ತೆಗೆದವರು ಕಡಿಮೆ. ಒಡೆಯನೊಬ್ಬ, ಬಾಡಿಗೆದಾರರು ಹತ್ತು ಎಂದಮೇಲೆ ಇವು ಮೊದಲು ಉರುಳಿದವು. ಒಂದು ಉಳಿದಿರುವುದು ಕಂಡರೆ ಮೊದಲು ಅದನ್ನೇ ಅಳೆಯಿರಿ.

ಹಳೆ ಚಿತ್ರಗಳಲ್ಲಿ ಕಾಣುವ ಜಾಗಗಳು ಈಗ ಏನಾಗಿವೆ?

ಹೆಚ್ಚು ಕೇಳುವುದು ಕೆರೆಗಳ ಬಗ್ಗೆ. ಪೇಟೆಗೆ ನೀರು ಕೊಡುತ್ತಿದ್ದ ಧರ್ಮಾಂಬುಧಿ ಕೆರೆಯ ಅಂಗಳದಲ್ಲೇ ಈಗಿನ ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಅದರ ಒಂದು ಸಣ್ಣ ಹೊಂಡ ಮಾತ್ರ ಉಳಿದಿದೆ, ಕರಗಕ್ಕೂ ಆ ನೀರಿಗೂ ಇರುವ ನಂಟಿನಿಂದ. ಶೂಲೆ ಕೆರೆ ಅಶೋಕನಗರದ ಫುಟ್‌ಬಾಲ್ ಮೈದಾನ, ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಕ್ರೀಡಾಂಗಣ, ಚಲ್ಲಘಟ್ಟ ಕೆರೆ ಗಾಲ್ಫ್ ಮೈದಾನ, ಕೋರಮಂಗಲದ ಒಂದು ಕೆರೆ 1997ರ ರಾಷ್ಟ್ರೀಯ ಕ್ರೀಡಾಕೂಟದ ಕ್ರೀಡಾಗ್ರಾಮ. ಕ್ರೀಡೆಗೂ ಕೆರೆಗೂ ಇಷ್ಟು ಗಾಢ ಸಂಬಂಧ ಬೇರೆ ಊರಿನಲ್ಲಿ ಇದೆಯೋ ಇಲ್ಲವೋ. 1894ರಲ್ಲಿ ಹೆಸರಘಟ್ಟದಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ ಕೊಳವೆ ನೀರು ಬಂದ ಮೇಲೆ ಊರಿನೊಳಗಿನ ಕೆರೆಗಳನ್ನು ಕಾಯುವ ಕಾರಣವೇ ಆಡಳಿತಕ್ಕೆ ಉಳಿಯಲಿಲ್ಲ.

ಕಾರ್ಪೊರೇಷನ್ ವೃತ್ತದ ಹತ್ತಿರ ಎತ್ತರದ ಸೆನೊಟಾಫ್ ಕಂಬವಿತ್ತು, 1791ರ ಮುತ್ತಿಗೆಯಲ್ಲಿ ಸತ್ತ ಈಸ್ಟ್ ಇಂಡಿಯಾ ಕಂಪನಿಯ ಸೈನಿಕರ ನೆನಪಿಗೆ. ಕನ್ನಡ ಚಳವಳಿಗಾರರ ಒತ್ತಾಯದ ಮೇಲೆ 1964ರಲ್ಲಿ ಅದನ್ನು ಕೆಡವಿದರು. ಅದನ್ನು ನಷ್ಟ ಎನ್ನುವವರೂ ಇದ್ದಾರೆ, ಸರಿಯಾಯಿತು ಎನ್ನುವವರೂ ಇದ್ದಾರೆ. ಮೆಜೆಸ್ಟಿಕ್ ಎಂಬ ಹೆಸರು ಕೊಟ್ಟ ಚಿತ್ರಮಂದಿರವೇ ಇಲ್ಲ, ಹೆಸರು ಮಾತ್ರ ಬಸ್ಸಿನ ಫಲಕದ ಮೇಲಿದೆ. ರೆಸಿಡೆನ್ಸಿ ರಸ್ತೆಯ ವಿಕ್ಟೋರಿಯಾ ಹೋಟೆಲ್, ಸೇಂಟ್ ಮಾರ್ಕ್ಸ್ ರಸ್ತೆಯ ಮೂಲೆಯ ಕ್ಯಾಶ್ ಫಾರ್ಮಸಿ, ಎಂ.ಜಿ. ರಸ್ತೆಯ ಪ್ಲಾಜಾ ಮೂರೂ ಹೋದವು. ಲಾಲ್‌ಬಾಗಿನ ಕ್ರುಂಬೀಗಲ್ ಹಾಲ್ ವರ್ಷಗಟ್ಟಲೆ ಪಾಳುಬಿದ್ದು 2017ರಲ್ಲಿ ನೆಲಸಮವಾಯಿತು. ಅದನ್ನು ಕೊಂದದ್ದು ಬುಲ್ಡೋಜರಿಗಿಂತ ಮೊದಲು ಸೋರುವ ಮಾಡು. ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟು, 1980ರ ದಶಕದಲ್ಲಿ ಇದೇ ದಾರಿ ಹಿಡಿಯುವುದರಲ್ಲಿತ್ತು. ನಾಗರಿಕರು ನ್ಯಾಯಾಲಯದವರೆಗೆ ಹೋಗಿ ಹೋರಾಡಿದ್ದರಿಂದ ಉಳಿಯಿತು.

ಅಜ್ಜಿಯ ಪತ್ರದಲ್ಲಿರುವ ರಸ್ತೆಯ ಹೆಸರು ನಕ್ಷೆಯಲ್ಲಿ ಸಿಗುತ್ತಿಲ್ಲ.

ಸೌತ್ ಪೆರೇಡ್ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾಯಿತು. ಗ್ರಾಂಟ್ ರಸ್ತೆ ಈಗ ವಿಠಲ್ ಮಲ್ಯ ರಸ್ತೆ, ಸಿಡ್ನಿ ರಸ್ತೆ ಕಸ್ತೂರಬಾ ರಸ್ತೆ, ಕ್ಯಾವಲ್ರಿ ರಸ್ತೆ ಕಾಮರಾಜ ರಸ್ತೆ, ಸೆನೊಟಾಫ್ ರಸ್ತೆ ನೃಪತುಂಗ ರಸ್ತೆ. ಬಸವನಗುಡಿಯ ನಾಗಸಂದ್ರ ರಸ್ತೆ ಡಿ.ವಿ.ಜಿ. ರಸ್ತೆ. ಮನೆ ನಂಬರನ್ನು ಮಾತ್ರ ನಂಬಬೇಡಿ, ಹಳೆ ನಂಬರು ಹೊಸ ನಂಬರು ಬೇರೆಬೇರೆ. ಪತ್ರದಲ್ಲಿ ಹತ್ತಿರದ ದೇವಸ್ಥಾನ, ಶಾಲೆ, ಮರದ ಹೆಸರಿದ್ದರೆ ಅದನ್ನು ಮೊದಲು ಹಿಡಿಯಿರಿ.

ದಾಖಲೆಗಳು ಎಲ್ಲಿ ಸಿಗುತ್ತವೆ?

ಮೊದಲು ಮನೆ ಯಾವ ಆಡಳಿತದಲ್ಲಿತ್ತು ಎಂದು ನಿರ್ಧರಿಸಿಕೊಳ್ಳಿ. ಪೇಟೆ, ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರ ಮೈಸೂರು ಸಂಸ್ಥಾನದ ನಗರಸಭೆಯವು. ದಂಡು 1947ರವರೆಗೆ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿದ್ದ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್. ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ತಪ್ಪು ಕಂತೆಯಲ್ಲಿ ತಿಂಗಳುಗಟ್ಟಲೆ ಹುಡುಕುವವರು ಇದನ್ನು ಮರೆತವರೇ.

ಸಂಸ್ಥಾನದ ಕಡತಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರ. ರೆಸಿಡೆನ್ಸಿಯ ಕಡತಗಳಿಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರವನ್ನೂ ನೋಡಬೇಕಾಗುತ್ತದೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ 1909ರಲ್ಲಿ ಹುಟ್ಟಿದ್ದು, ಅದರ ಗ್ರಂಥಾಲಯದಲ್ಲಿ ಹಳೆಯ ಪುಸ್ತಕ, ಪತ್ರಿಕೆಗಳಿವೆ. ಆಸ್ತಿಯ ಕೈಬದಲಾವಣೆಗೆ ಉಪನೋಂದಣಿ ಕಚೇರಿಯ ಋಣಭಾರ ಪತ್ರ. ಕಂಪ್ಯೂಟರಿನಲ್ಲಿ ಸಿಗುವುದು 2004ರ ನಂತರದ್ದು, ಹಿಂದಿನದಕ್ಕೆ ಕೈಬರಹದ ಪುಸ್ತಕ ಹುಡುಕಿಸಲು ಅರ್ಜಿ ಹಾಕಬೇಕು. ಮೂಲ ಕ್ರಯಪತ್ರ ಸಿಕ್ಕರೆ ಕೊನೆಯ ಪುಟದ ಷೆಡ್ಯೂಲ್ ಓದಿ. ಚಕ್ಕುಬಂದಿ, ಬಾವಿ, ಮರ, ಹೆಂಚಿನ ಮನೆಯೋ ತಾರಸಿ ಮನೆಯೋ ಎಲ್ಲ ಅಲ್ಲಿರುತ್ತದೆ.

ಹಳೆ ಮನೆಗೆ ಕಾನೂನಿನ ರಕ್ಷಣೆ ಇದೆಯೇ?

ನೂರು ವರ್ಷವಾಯಿತು ಎಂದ ಮಾತ್ರಕ್ಕೆ ಇಲ್ಲ. ಕೇಂದ್ರದ 1958ರ ಕಾಯ್ದೆಯಾಗಲಿ ರಾಜ್ಯದ 1961ರ ಕಾಯ್ದೆಯಾಗಲಿ ಅಧಿಸೂಚನೆಯಲ್ಲಿ ಘೋಷಿಸಿದ ಸ್ಮಾರಕಕ್ಕೆ ಮಾತ್ರ. ಮನೆಯ ಹತ್ತಿರ ಕೇಂದ್ರದ ಸಂರಕ್ಷಿತ ಸ್ಮಾರಕವಿದ್ದರೆ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ 200 ಮೀಟರಿಗೆ ನಿರ್ಬಂಧವಿದೆ. ದುರಸ್ತಿಗೂ ಅನುಮತಿ ಬೇಕು, ಕೆಲಸ ಶುರು ಮಾಡುವ ಮುಂಚೆ ವಿಚಾರಿಸಿ. ಮನೆಗಳ ಪಟ್ಟಿ ಮಾಡುವ ಕೆಲಸವನ್ನು ಪರಂಪರೆ ಉಳಿಸುವ ಸಂಸ್ಥೆಯಾದ ಇಂಟ್ಯಾಕ್‌ನ ಬೆಂಗಳೂರು ಶಾಖೆ ಮಾಡುತ್ತಾ ಬಂದಿದೆ, ಆದರೆ ಅಂಥ ಪಟ್ಟಿಯಲ್ಲಿ ಹೆಸರು ಬಂದಷ್ಟಕ್ಕೇ ಕೆಡವುವುದನ್ನು ಯಾರೂ ತಡೆಯಲಾರರು.

ಮನೆ ಕೆಡವುವುದು ಖಚಿತವಾಗಿದೆ. ಎರಡು ದಿನ ಸಮಯವಿದೆ. ಏನನ್ನು ದಾಖಲಿಸಲಿ?

ಇಬ್ಬರು, 30 ಮೀಟರ್ ಟೇಪು ಒಂದು, 5 ಮೀಟರ್ ಟೇಪು ಒಂದು, ಗ್ರಾಫ್ ಹಾಳೆ, ಟಾರ್ಚು. ಮೊದಲ ದಿನ ಬೆಳಿಗ್ಗೆ ಕೈಬರಹದ ನಕ್ಷೆ ಬರೆದು ಪ್ರತಿ ಕೋಣೆಗೆ ಅಕ್ಷರ, ಪ್ರತಿ ಬಾಗಿಲು ಕಿಟಕಿಗೆ ಸಂಖ್ಯೆ ಕೊಡಿ. ಪ್ರತಿ ಕೋಣೆಯ ನಾಲ್ಕು ಬದಿ ಅಳೆದು, ತಪ್ಪದೆ ಎರಡು ಕರ್ಣವನ್ನೂ ಅಳೆಯಿರಿ. ಹಳೆ ಮನೆಯ ಮೂಲೆ 90 ಡಿಗ್ರಿ ಇರುವುದೇ ಅಪರೂಪ, ಕರ್ಣ ಇಲ್ಲದಿದ್ದರೆ ಮನೆಗೆ ಹೋಗಿ ನಕ್ಷೆ ಬರೆಯುವಾಗ ಕೋಣೆಗಳು ಕೂಡುವುದಿಲ್ಲ. ಬಾಗಿಲು ಕಿಟಕಿಗಳ ಅಳತೆಯನ್ನು ಒಂದೇ ಮೂಲೆಯಿಂದ ಟೇಪು ಎತ್ತದೆ ಓದುತ್ತಾ ಹೋಗಿ, ತುಂಡು ತುಂಡಾಗಿ ಅಳೆದರೆ ತಪ್ಪು ಕೂಡುತ್ತಾ ಹೋಗುತ್ತದೆ. ಗೋಡೆಯ ದಪ್ಪವನ್ನು ಬಾಗಿಲ ಕಂಡಿಯಲ್ಲಿ ಹಿಡಿಯಿರಿ. ನೆಲದಿಂದ ಜಂತೆಯ ಅಡಿಗೆ ಎಷ್ಟು ಎತ್ತರ, ಜಂತೆಯ ಅಗಲ ದಪ್ಪ, ಎರಡರ ನಡುವಿನ ಅಂತರ ಬರೆದುಕೊಳ್ಳಿ.

ಚಿತ್ರ ತೆಗೆಯುವಾಗ ಪ್ರತಿ ಗೋಡೆಗೂ ನೇರ ಎದುರು ನಿಲ್ಲಿ, ಅಡಿಪಟ್ಟಿಯೊಂದು ಚೌಕಟ್ಟಿನೊಳಗಿರಲಿ. ಮಧ್ಯಾಹ್ನ ಮುಂಭಾಗದ ನೆರಳು ಜಾಸ್ತಿ, ಬೆಳಿಗ್ಗೆ ಅಥವಾ ಮೋಡವಿದ್ದಾಗ ಒಳ್ಳೆಯದು. ಎರಡನೆಯ ದಿನ ವಿವರಗಳು: ಚಿಲಕ, ತಿರುಗಣಿ, ಮೆಟ್ಟಿಲ ಕಟಾಂಜನ, ನೆಲದ ಅಂಚಿನ ಪಟ್ಟಿ, ಬಣ್ಣದ ಗಾಜು. ಗಿಲಾವಿನ ಬಣ್ಣವನ್ನು ನಾಣ್ಯದಷ್ಟು ಜಾಗದಲ್ಲಿ ಪದರ ಪದರವಾಗಿ ಕೆರೆದು ಕೆಳಗಿನ ಮೊದಲ ಬಣ್ಣದ ಚಿತ್ರ ತೆಗೆಯಿರಿ. ನಕ್ಷೆ 1:50ರಲ್ಲಿ, ಬಾಗಿಲು ಮಂಕಿ ಟಾಪ್‌ನಂಥ ವಿವರ 1:10ರಲ್ಲಿ ಬರೆದರೆ ಮುಂದೆ ಬಡಗಿಯೊಬ್ಬ ಅದನ್ನೇ ನೋಡಿ ಮಾಡಬಲ್ಲ.

ಕೆಡವುವ ಗುತ್ತಿಗೆದಾರನ ಜೊತೆ ಮೊದಲೇ ಮಾತಾಡಿ. ತೇಗ, ಹಿತ್ತಾಳೆ, ಕಬ್ಬಿಣದ ತೊಲೆಗೆ ಅವನ ಲೆಕ್ಕದಲ್ಲಿ ಬೆಲೆ ಇದೆ. ಮದ್ರಾಸ್ ಟೆರೇಸಿನ ಪುಟ್ಟ ಇಟ್ಟಿಗೆ, ಹೆಂಚು, ಅಂಚಿನ ಹಲಗೆಗಳಿಗೆ ಇಲ್ಲ, ಅವೆಲ್ಲ ಟ್ರ್ಯಾಕ್ಟರಿನಲ್ಲಿ ಹಳ್ಳ ತುಂಬಲು ಹೋಗುತ್ತವೆ. ಇನ್ನೊಂದು ಹಳೆ ಮನೆಯ ದುರಸ್ತಿಗೆ ಹುಡುಕಿದರೂ ಸಿಗದ ವಸ್ತು ಅವೇ. ಮಂಗಳೂರು ಹೆಂಚಾದರೆ ಚದರ ಮೀಟರಿಗೆ ಹದಿನೈದು ಹದಿನಾರು ಬೇಕಾಗುತ್ತದೆ, ಆ ಲೆಕ್ಕದಲ್ಲಿ ಕೇಳಿ ಪಡೆಯಿರಿ. ಹೆಂಚನ್ನು ಮಲಗಿಸಿ ಪೇರಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ ಇಡಿ. ಇಟ್ಟಿಗೆಗೆ ಅಂಟಿದ ಸುಣ್ಣ ಬಾಚಿಯಿಂದ ಮೆಲ್ಲಗೆ ತಟ್ಟಿದರೆ ಬಿಡುತ್ತದೆ. ಸಿಮೆಂಟ್ ಅಂಟಿದ್ದರೆ ಇಟ್ಟಿಗೆಯೇ ಒಡೆಯುತ್ತದೆ, ಅಂಥವನ್ನು ಹೊತ್ತು ತರುವ ಶ್ರಮ ಬೇಡ.